ಗೆದ್ದಲಿಗಿಂತ ಮೊದಲು ಮಕ್ಕಳು ಓದಲಿ



‘ಮೇಡಂ, ಮಕ್ಕಳಿಗೆ ಓದಿಸೋದಕ್ಕೆ ಒಳ್ಳೆಯ ವಿಜ್ಞಾನ ಪುಸ್ತಕಗಳ ಒಂದು ಪಟ್ಟಿ ಕೊಡಿ.’ ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ನಾನು ಹೆಚ್ಚಾಗಿ ಕೇಳುವ ಬೇಡಿಕೆ ಇದು. ವಿಜ್ಞಾನ ಸಂಪನ್ಮೂಲ ಶಿಕ್ಷಕಿಯಾದ ಹೊಸತರಲ್ಲಿ ಬಹಳ ಉತ್ಸಾಹದಿಂದ ನಲವತ್ತು ಪುಸ್ತಕಗಳ ಪಟ್ಟಿ ತಯಾರಿಸಿ, ಜೆರಾಕ್ಸ್ ಮಾಡಿಸಿ ಎಲ್ಲ ಶಾಲೆಗಳಿಗೂ ಹಂಚಿದ್ದೆ. ಒಂದು ವರ್ಷ ಕಳೆದ ಮೇಲೆ ಶಾಲೆಯೊಂದಕ್ಕೆ ಭೇಟಿ ನೀಡಿದಾಗ ನನ್ನ ಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ತೂಗುಹಾಕಿದ್ದರು. ನನಗೆ ಹೆಮ್ಮೆಯೇ ಆಯಿತು. ಪುಸ್ತಕಗಳೆಲ್ಲಿ ಎಂದು ಕೇಳಿದೆ. ಬೀರುವಿನಲ್ಲಿದ್ದವು. ಬೀರುವಿಗೆ ಬೀಗ ಹಾಕಿತ್ತು. ಬೀಗದ ಕೈ ಅಂದು ರಜೆಯಲ್ಲಿದ್ದ ಶಿಕ್ಷಕರ ಬಳಿ ಇತ್ತು. ಮುಂದಿನ ಭೇಟಿಯಲ್ಲಿ ತೆಗೆಸಿ ನೋಡಿದರೆ ಕೆಳಗಿನ ಸಾಲಿಗೆ ಗೆದ್ದಲು ಹತ್ತಿತ್ತು. ಒಂದು ಪುಸ್ತಕವನ್ನು ಎತ್ತಿಕೊಂಡೆ. ಹೊರಗಿನ ರಟ್ಟು ಹೊಸದರಂತೆ ಹೊಳೆಯುತ್ತಿತ್ತು, ಒಳಗೆ ಮಾತ್ರ ಮಣ್ಣಿತ್ತು.

ಮನೆಗೆ ಬರುವಾಗ ಬಸ್ಸಿನಲ್ಲಿ ಕುಳಿತು ಆ ಶಾಲೆಯವರ ಮೇಲೆ ಸಿಟ್ಟು ಮಾಡಿಕೊಂಡೆ. ನಂತರ ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡೆ. ಆ ನಲವತ್ತರಲ್ಲಿ ನಾನು ಪೂರ್ತಿಯಾಗಿ ಓದಿದ ಪುಸ್ತಕಗಳೆಷ್ಟು? ಪ್ರಾಮಾಣಿಕವಾಗಿ ಎಣಿಸಿದರೆ ಹದಿಮೂರು. ಉಳಿದವೆಲ್ಲ ಪ್ರಕಾಶಕರ ಕ್ಯಾಟಲಾಗಿನಿಂದ ಇಳಿಸಿಕೊಂಡ ಹೆಸರುಗಳು. ನಾನೇ ರುಚಿ ನೋಡದ ಅಡುಗೆಯನ್ನು ಬೇರೆಯವರಿಗೆ ಬಡಿಸಲು ಹೊರಟಿದ್ದೆ. ಅದನ್ನು ಯಾರೂ ಉಣ್ಣಲಿಲ್ಲವೆಂದು ದೂರುವ ಹಕ್ಕು ನನಗೆಲ್ಲಿತ್ತು?

ಅಂದಿನಿಂದ ನಾನು ಪಟ್ಟಿ ಕೊಡುವುದನ್ನು ಬಿಟ್ಟಿದ್ದೇನೆ. ಪುಸ್ತಕವನ್ನು ಶಿಫಾರಸು ಮಾಡಬೇಕಾದವರು ಅದನ್ನು ಓದಿ ಸಂತೋಷಪಟ್ಟವರು. ಶಿಕ್ಷಕರು ಓದದ ಪುಸ್ತಕವನ್ನು ಮಕ್ಕಳು ಓದುವುದಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಮುಳ್ಳೂರಿನ ಒಂದು ಮಧ್ಯಾಹ್ನ

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು ಕಾವೇರಿ ದಡದ ಊರು. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಹೊಳೆ ಉಕ್ಕಿದಾಗ ತೊಂದರೆಗೊಳಗಾದ ಹಳ್ಳಿಗಳ ಸಾಲಿನಲ್ಲಿ ಇದೂ ಒಂದು. ಇಲ್ಲಿನ ಮಕ್ಕಳಿಗೆ ಹೊಳೆ ಎಂದರೆ ಪಾಠದಲ್ಲಿ ಬರುವ ಜಲಮೂಲವಲ್ಲ, ಮನೆಯ ಹಿಂದಿನ ವಿಷಯ.

ಮಳೆಗಾಲದ ಒಂದು ಮಧ್ಯಾಹ್ನ ಅಲ್ಲಿ ಆರನೇ ತರಗತಿಯ ಮಕ್ಕಳೊಂದಿಗೆ ಕುಳಿತಿದ್ದೆ. ಅಂದು ಪ್ರಯೋಗದ ಸಾಮಗ್ರಿ ತಂದಿರಲಿಲ್ಲ. ಚೀಲದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಇತ್ತು. ಮೀನು ಹಿಡಿಯುವ ಸಂಗತಿ ಬರುವ ಕೆಲವು ಪುಟಗಳನ್ನು ಜೋರಾಗಿ ಓದಿದೆ. ಪ್ರಶ್ನೆ ಕೇಳಲಿಲ್ಲ, ಕಠಿಣ ಪದಗಳನ್ನು ಬೋರ್ಡಿನ ಮೇಲೆ ಬರೆಯಲಿಲ್ಲ. ನಡುನಡುವೆ ನನಗೇ ನಗು ಬಂದು ಓದು ನಿಲ್ಲುತ್ತಿತ್ತು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬ ಇದ್ದಕ್ಕಿದ್ದಂತೆ, ‘ಮಿಸ್, ಹೊಳೆ ಕೆಂಪಾದಾಗ ಗಾಳಕ್ಕೆ ಎರೆಹುಳನೇ ಹಾಕ್ಬೇಕು’ ಎಂದ. ಯಾಕಪ್ಪಾ ಎಂದೆ. ‘ನೀರು ಬಗ್ಗಡ ಆದ್ರೆ ಮೀನ್ಗೆ ಕಣ್ ಕಾಣ್ಸಕಿಲ್ಲ ಮಿಸ್. ವಾಸ್ನೆ ಹಿಡ್ಕಂಡೇ ಬತ್ತವೆ.’

ನಾನು ಬೆರಗಾದೆ. ಮೀಸೆ ಇರುವ ಜಾತಿಯ ಮೀನುಗಳಿಗೆ ಆ ಮೀಸೆಯ ಮೇಲೆಲ್ಲ ರುಚಿ ಗುರುತಿಸುವ ಮೊಗ್ಗುಗಳಿರುತ್ತವೆ. ಕಲಕಿದ ನೀರಿನಲ್ಲಿ ಅವು ಆಹಾರವನ್ನು ಹುಡುಕುವುದು ಮುಖ್ಯವಾಗಿ ವಾಸನೆ, ರುಚಿ ಮತ್ತು ಸ್ಪರ್ಶದಿಂದ. ಇದನ್ನು ನಾನು ಕಾಲೇಜಿನಲ್ಲಿ ಓದಿ ತಿಳಿದುಕೊಂಡೆ. ಆತ ದಡದಲ್ಲಿ ನಿಂತು ತಿಳಿದುಕೊಂಡಿದ್ದ. ತರಗತಿಯ ಶಿಕ್ಷಕರು ಆಮೇಲೆ ಮೆಲ್ಲಗೆ ಹೇಳಿದರು: ಪಠ್ಯಪುಸ್ತಕ ಕೊಟ್ಟರೆ ಅವನು ಎರಡು ಸಾಲನ್ನೂ ಸರಾಗವಾಗಿ ಓದುವುದಿಲ್ಲ, ಬಾಯಿ ಬಿಟ್ಟು ಮಾತಾಡಿದ್ದನ್ನೇ ಅವರು ಹೆಚ್ಚು ಕೇಳಿಲ್ಲ.

ಗಂಟೆ ಹೊಡೆಯಿತು. ‘ಇನ್ನೊಂದ್ ಓದಿ ಮಿಸ್’ ಎಂದರು. ಓದಲು ಸಮಯವಿರಲಿಲ್ಲ. ಪುಸ್ತಕವನ್ನು ಅವನ ಕೈಗೇ ಕೊಟ್ಟು ಬಂದೆ. ಆರು ವಾರದ ನಂತರ ಅದು ನನಗೆ ಮರಳಿ ಬಂತು. ರಟ್ಟಿನ ಮೂಲೆ ಹರಿದಿತ್ತು, ಎರಡು ಪುಟಗಳಲ್ಲಿ ಅರಿಶಿನದ ಕಲೆ ಇತ್ತು. ಅವನೊಬ್ಬನೇ ಓದಿರಲಿಲ್ಲ. ಅವನ ಅಕ್ಕ ಓದಿ ಹೇಳಿದ್ದಳು, ಮನೆಯವರು ಕೇಳಿದ್ದರು, ಪಕ್ಕದ ಮನೆಗೂ ಹೋಗಿ ಬಂದಿತ್ತು. ನಲವತ್ತು ಪುಸ್ತಕಗಳ ಪಟ್ಟಿ ಮಾಡದ ಕೆಲಸವನ್ನು ಒಂದು ಪುಸ್ತಕ ಮಾಡಿತ್ತು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಭಾಗದ ಜನ ಕತೆ ಕೇಳಿ ಬೆಳೆದವರು. ಮಂಟೇಸ್ವಾಮಿಯ ಕತೆಯನ್ನು ನೀಲಗಾರರು, ಮಾದೇಶ್ವರನ ಕತೆಯನ್ನು ಕಂಸಾಳೆಯವರು ರಾತ್ರಿಯಿಡೀ ಹಾಡಿದರೂ ಎದ್ದು ಹೋಗದೆ ಕೂತವರ ಮೊಮ್ಮಕ್ಕಳು ಇವರು. ಇವರಿಗೆ ಓದು ಬೇಡವಾಗಿಲ್ಲ. ಕತೆಯ ದನಿ ಕೇಳಿಸದ ಓದು ಬೇಡವಾಗಿದೆ, ಅಷ್ಟೇ.

ನಾನು ಓದಿ ಸಂತೋಷಪಟ್ಟ ಕೆಲವು

ಈಗ ನಾನು ಹೇಳುವ ಪುಸ್ತಕಗಳೆಲ್ಲ ನಾನು ಓದಿದವು. ಇವುಗಳಲ್ಲಿ ಹೆಚ್ಚಿನವನ್ನು ಮಕ್ಕಳಿಗೂ ಓದಿ ಹೇಳಿದ್ದೇನೆ.

ಮೊದಲನೆಯದು ಈಗಾಗಲೇ ಹೇಳಿದ ‘ಪರಿಸರದ ಕತೆ’. ಐದರಿಂದ ಏಳನೇ ತರಗತಿಯವರೆಗಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತಿಳಿದಿಲ್ಲ. ಬಿಡಿಬಿಡಿಯಾದ ಅಧ್ಯಾಯಗಳಿರುವುದರಿಂದ ಎಲ್ಲಿಂದ ಬೇಕಾದರೂ ಶುರುಮಾಡಬಹುದು. ಮೂಡಿಗೆರೆಯ ತೋಟ, ಕಿವಿ ಎಂಬ ನಾಯಿ, ಹಕ್ಕಿ, ಮೀನು, ಹುಳುಗಳ ನಡುವೆ ನಡೆಯುವ ಸಂಗತಿಗಳಲ್ಲಿ ‘ಪರಿಸರ ಉಳಿಸಿ’ ಎಂಬ ಘೋಷಣೆ ಇಲ್ಲ. ಪರಿಸರ ಮಾತ್ರ ಇದೆ.

ಶಿಕ್ಷಕರು ತಮಗಾಗಿ ಓದಬೇಕಾದದ್ದು ಅವರದೇ ‘ಕರ್ವಾಲೊ’. 1980ರಲ್ಲಿ ಬಂದ ಕಾದಂಬರಿ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕತೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಮಂದಣ್ಣನ ಕತೆ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನಂತೆ ಕಾಣುವ ಹಳ್ಳಿಯ ಹುಡುಗನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟು ಜೀವವಿಜ್ಞಾನಿಯೊಬ್ಬನನ್ನು ಕಾಣುತ್ತಾರೆ. ಅದನ್ನು ಓದಿದ ಮೇಲೆ ನಿಮ್ಮ ತರಗತಿಯ ಹಿಂದಿನ ಸಾಲನ್ನು ಒಮ್ಮೆ ನೋಡಿ. ಮುಳ್ಳೂರಿನ ಆ ಹುಡುಗ ಮಾತಾಡಿದಾಗ ನನಗೆ ನೆನಪಾದವನು ಮಂದಣ್ಣನೇ.

ಎರಡನೆಯವರು ಬಿ.ಜಿ.ಎಲ್. ಸ್ವಾಮಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಡಿ.ವಿ.ಜಿ.ಯವರ ಮಗ. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಅನುಭವಗಳ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು ಈ ಪುಸ್ತಕ ಓದಿದ್ದು ಕೆಲಸಕ್ಕೆ ಸೇರಿದ ಮೇಲೆ. ಓದಿ ಮುಗಿಸಿದಾಗ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಇಂಥ ಮೇಷ್ಟ್ರು ನನಗೆ ಸಿಗಲಿಲ್ಲವಲ್ಲ ಎಂದು. ಭಾಷೆ ಮಕ್ಕಳಿಗೆ ಸ್ವಲ್ಪ ಬಿಗಿ. ಆದ್ದರಿಂದ ನೀವು ಓದಿಕೊಂಡು ನಿಮ್ಮ ಮಾತಿನಲ್ಲಿ ಹೇಳಿ.

ಸ್ವಾಮಿಯವರ ಇನ್ನೊಂದು ಪುಸ್ತಕ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’. ಇದನ್ನು ಬಿಸಿಯೂಟದ ಹೊತ್ತಿಗೆ ಹೇಳಬೇಕು. ತಟ್ಟೆಯಲ್ಲಿರುವ ಸಾರನ್ನು ತೋರಿಸಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ 1498ಕ್ಕಿಂತ ಮೊದಲು ಇದರಲ್ಲಿ ಏನೇನು ಇರಲು ಸಾಧ್ಯವಿರಲಿಲ್ಲ ಎಂದು ಕೇಳಿ. ಟೊಮೇಟೊ ಹೋಯಿತು. ಆಲೂಗಡ್ಡೆ ಹೋಯಿತು. ಹಸಿ, ಒಣ ಎರಡೂ ಮೆಣಸಿನಕಾಯಿ ಹೋಯಿತು. ಇವೆಲ್ಲದರ ತವರು ಅಮೆರಿಕ ಖಂಡಗಳು. ಉಳಿದದ್ದು ತೊಗರಿಬೇಳೆ, ಹುಣಸೆ, ಅರಿಶಿನ. ಹಾಗಾದರೆ ಖಾರಕ್ಕೆ ಏನು ಹಾಕುತ್ತಿದ್ದರು? ಕರಿಮೆಣಸು. ಮೊದಲು ‘ಮೆಣಸು’ ಎಂದರೆ ಅದೇ. ಹೊರಗಿನಿಂದ ಬಂದ ಕಾಯಿಗೂ ಅದರಂತೆಯೇ ಖಾರವಿದ್ದುದರಿಂದ ‘ಮೆಣಸಿನಕಾಯಿ’ ಎಂದು ಅದರ ಹೆಸರನ್ನೇ ಕೊಟ್ಟೆವು. ಒಮ್ಮೆ ಈ ಆಟ ಆಡಿದಾಗ ಹನೂರು ಕಡೆಯ ಮಕ್ಕಳು ತಮ್ಮ ಹೊಲದ ಮುಸುಕಿನ ಜೋಳವೂ ಕಡಲೆಕಾಯಿಯೂ ಅಲ್ಲಿಂದಲೇ ಬಂದವು ಎಂದು ತಿಳಿದು ಪೆಚ್ಚಾದರು. ‘ರಾಗಿ ಆದ್ರೂ ನಮ್ದಾ ಮಿಸ್?’ ಎಂದಳು ಒಬ್ಬಳು. ರಾಗಿಯ ತವರು ಪೂರ್ವ ಆಫ್ರಿಕ, ಸಾವಿರಾರು ವರ್ಷಗಳ ಹಿಂದೆಯೇ ಬಂದು ನಮ್ಮದಾಗಿದೆ ಎಂದೆ. ಅಂದಿನ ಊಟ ಮುಗಿಯಲು ಅರ್ಧ ಗಂಟೆ ಹೆಚ್ಚು ಹಿಡಿಯಿತು.

ಮೂರನೆಯವರು ಶಿವರಾಮ ಕಾರಂತರು. ಮಕ್ಕಳಿಗಾಗಿ 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’, ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಸಿದ್ಧಪಡಿಸಿದವರು. ‘ಅವು ಹಳೆಯವು, ಮಾಹಿತಿ ಬದಲಾಗಿದೆ’ ಎಂದು ಕೆಲವರು ಹಿಂಜರಿಯುತ್ತಾರೆ. ನಾನು ಅದನ್ನೇ ಆಟ ಮಾಡಿಕೊಂಡಿದ್ದೇನೆ. ಹಳೆಯ ವಿಜ್ಞಾನ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟು, ಇಂದು ಬದಲಾಗಿರುವ ಸಂಗತಿಯನ್ನು ಹುಡುಕಲು ಹೇಳುತ್ತೇನೆ. 2006ಕ್ಕಿಂತ ಮೊದಲಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂಬತ್ತು ಗ್ರಹಗಳಿರುತ್ತವೆ. ಆ ವರ್ಷ ಪ್ಲೂಟೊವನ್ನು ಕುಬ್ಜಗ್ರಹಗಳ ಗುಂಪಿಗೆ ಸೇರಿಸಿದರು. ‘ಹಾಗಾದ್ರೆ ಪುಸ್ತಕದಲ್ಲಿರೋದು ತಪ್ಪಾಗಬಹುದಾ?’ ಎಂದು ಮಗು ಕೇಳಿದರೆ, ವಿಜ್ಞಾನದ ಅತಿ ದೊಡ್ಡ ಪಾಠ ಮುಗಿದಂತೆಯೇ.

ನಾಲ್ಕನೆಯದಾಗಿ ಮೈಸೂರಿನ ಇಬ್ಬರು ಮೇಷ್ಟ್ರುಗಳು. ರಸಾಯನಶಾಸ್ತ್ರದ ಜೆ.ಆರ್. ಲಕ್ಷ್ಮಣರಾಯರು ‘ಬಾಲ ವಿಜ್ಞಾನ’ ಮಾಸಪತ್ರಿಕೆಯ ಸಂಪಾದಕರಾಗಿದ್ದವರು. ಗೆಲಿಲಿಯೊ, ಆರ್ಕಿಮಿಡೀಸ್ ಮುಂತಾದವರ ಬಗೆಗಿನ ಅವರ ಬರಹಗಳಲ್ಲಿ ವಿಜ್ಞಾನಿಗಳು ನಮ್ಮ ನಿಮ್ಮಂತೆ ತಪ್ಪು ಮಾಡುವ, ಹಟ ಹಿಡಿಯುವ ಮನುಷ್ಯರು. ಗಣಿತದ ಜಿ.ಟಿ. ನಾರಾಯಣರಾಯರ ‘ನಕ್ಷತ್ರ ವೀಕ್ಷಣೆ’ಯನ್ನು ಹಗಲು ಓದಿ, ರಾತ್ರಿ ಅಂಗಳಕ್ಕೆ ಇಳಿಯಬೇಕು. ಬೆಂಗಳೂರಿನ ಮಕ್ಕಳಿಗೆ ಈಗ ಸಿಗದ ಕತ್ತಲೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಡಿಸೆಂಬರ್, ಜನವರಿಯ ರಾತ್ರಿ ಪೂರ್ವಕ್ಕೆ ತಿರುಗಿ ನಿಂತರೆ ಮಹಾವ್ಯಾಧನ ನಡುವಿನ ಮೂರು ನಕ್ಷತ್ರಗಳನ್ನು ಒಂದನೇ ತರಗತಿಯ ಮಗುವೂ ಗುರುತಿಸುತ್ತದೆ. ಇದಕ್ಕೆ ಯಾವ ಉಪಕರಣವೂ ಬೇಡ, ಅನುದಾನವೂ ಬೇಡ.

ಐದನೆಯದು ಜಪಾನಿನ ಪುಸ್ತಕ, ತೆತ್ಸುಕೊ ಕುರೊಯಾನಗಿ ಅವರ ‘ತೊತ್ತೋ-ಚಾನ್’. ನ್ಯಾಷನಲ್ ಬುಕ್ ಟ್ರಸ್ಟ್ ಇದನ್ನು ಕನ್ನಡದಲ್ಲಿ ಪ್ರಕಟಿಸಿದೆ. ಹಳೆಯ ರೈಲುಬೋಗಿಗಳಲ್ಲಿ ನಡೆಯುತ್ತಿದ್ದ ಒಂದು ನಿಜವಾದ ಶಾಲೆಯ ಕತೆ. 1945ರಲ್ಲಿ ಟೋಕಿಯೋ ಮೇಲೆ ಬಿದ್ದ ಬಾಂಬುಗಳಿಗೆ ಆ ಶಾಲೆ ಸುಟ್ಟುಹೋಯಿತು. ಅಲ್ಲಿನ ಮುಖ್ಯೋಪಾಧ್ಯಾಯರು ಮಕ್ಕಳ ಬುತ್ತಿಯಲ್ಲಿ ಕಡಲಿನದು ಒಂದು, ಬೆಟ್ಟದ್ದು ಒಂದು ಇರಬೇಕೆಂದು ಹೇಳುತ್ತಿದ್ದರು. ದಕ್ಷಿಣಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು, ಪಕ್ಕದಲ್ಲೇ ಕಾವೇರಿ ಇರುವ ನಮಗೆ ‘ಬೆಟ್ಟದ್ದೊಂದು, ಹೊಳೆಯದೊಂದು’ ಎಂದು ಅದೇ ಆಟ ಆಡಲು ಕಷ್ಟವೇ? ಪೌಷ್ಟಿಕ ಆಹಾರದ ಪಾಠ ಅಲ್ಲಿಂದಲೇ ಶುರುವಾಗಲಿ.

ನಲಿ-ಕಲಿ ತರಗತಿಯ ಚಿಕ್ಕವರಿಗೆ ಪುಟಕ್ಕೆ ಒಂದೆರಡು ಸಾಲಿರುವ ಚಿತ್ರಪುಸ್ತಕಗಳೇ ಸಾಕು. ಪ್ರಥಮ್ ಬುಕ್ಸ್‌ನವರ ಕನ್ನಡ ಪುಸ್ತಕಗಳು ಅಗ್ಗ. 2015ರಿಂದ ಅವರ ‘ಸ್ಟೋರಿವೀವರ್’ ಜಾಲತಾಣದಲ್ಲಿ ಉಚಿತವಾಗಿಯೂ ಸಿಗುತ್ತಿವೆ.

ಒಂದು ಬಗೆಯ ಪುಸ್ತಕವನ್ನು ಮಾತ್ರ ನಾನು ಹೇಳುವುದಿಲ್ಲ. ಅವು ಸಾವಿರ ಪ್ರಶ್ನೆ, ಸಾವಿರ ಉತ್ತರದ ಸಾಮಾನ್ಯ ಜ್ಞಾನದ ಪುಸ್ತಕಗಳು. ಕ್ವಿಜ್‌ಗೆ ಅವು ಉಪಯೋಗಕ್ಕೆ ಬರಬಹುದು. ಆದರೆ ಅವುಗಳಲ್ಲಿ ಉತ್ತರ ಪಕ್ಕದಲ್ಲೇ ಇರುತ್ತದೆ. ಮಗು ಕಾಯುವುದನ್ನೂ ಊಹಿಸುವುದನ್ನೂ ಕಲಿಯುವುದಿಲ್ಲ.

ಬೀರುವಿನ ಬೀಗ

ಇನ್ನು ಕಷ್ಟದ ಮಾತಿಗೆ ಬರೋಣ. ಪುಸ್ತಕ ಬೀರುವಿನಲ್ಲೇ ಉಳಿಯುವುದಕ್ಕೆ ಶಿಕ್ಷಕರ ಸೋಮಾರಿತನ ಕಾರಣ ಎಂದು ನಾನು ಹೇಳುವುದಿಲ್ಲ. ಭಯ ಕಾರಣ. ದಾಸ್ತಾನು ವಹಿಯಲ್ಲಿ ಬರೆದ ಪುಸ್ತಕ ತಪಾಸಣೆಯ ದಿನ ಕಾಣಿಸದಿದ್ದರೆ ಯಾರು ಉತ್ತರ ಹೇಳಬೇಕು? ವರ್ಗಾವಣೆಯ ಸಮಯದಲ್ಲಿ ಕಳೆದುಹೋದ ಪುಸ್ತಕಗಳ ಹಣವನ್ನು ಕೈಯಿಂದ ಕಟ್ಟಿದ ಮುಖ್ಯ ಶಿಕ್ಷಕಿಯೊಬ್ಬರನ್ನು ನಾನು ಬಲ್ಲೆ. ಅವರು ಹೊಸ ಶಾಲೆಗೆ ಹೋದಾಗ ಮೊದಲು ಕೊಂಡದ್ದು ಒಂದು ಗಟ್ಟಿ ಬೀಗ. ಅವರನ್ನು ಹೇಗೆ ದೂರಲಿ?

ಆದರೆ ಒಂದು ವಿಚಿತ್ರವನ್ನು ಗಮನಿಸಿ. ಗೆದ್ದಲು ತಿಂದ ಪುಸ್ತಕದ ಬಗ್ಗೆ ಯಾರೂ ವಿವರಣೆ ಕೇಳಿದ್ದನ್ನು ನಾನು ನೋಡಿಲ್ಲ. ಮಗು ಓದಿ ಹರಿದ ಪುಸ್ತಕಕ್ಕೆ ಮಾತ್ರ ವಿವರಣೆ ಬೇಕು. ಪ್ರಯೋಗಶಾಲೆಯಲ್ಲಿ ಗಾಜಿನ ನಳಿಕೆ ಒಡೆದರೆ ಪ್ರಯೋಗ ನಡೆದಿದೆ ಎಂದು ಅರ್ಥಮಾಡಿಕೊಳ್ಳುತ್ತೇವೆ. ಸೀಮೆಸುಣ್ಣ ಸವೆದರೆ ಪಾಠ ನಡೆದಿದೆ ಎನ್ನುತ್ತೇವೆ. ಪುಸ್ತಕವನ್ನೂ ಹಾಗೆಯೇ ಸವೆಯುವ ವಸ್ತುವೆಂದು ನೋಡಲು ನಮಗೇಕೆ ಆಗುವುದಿಲ್ಲ?

ಶಾಲೆಗಳಿಗೆ ಭೇಟಿ ನೀಡುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಪುಸ್ತಕಗಳ ಸಂಖ್ಯೆಯನ್ನು ಎಣಿಸುವ ಮೊದಲು ಹರಿದವುಗಳನ್ನು ಎಣಿಸಿ. ಒಂದೂ ಹರಿಯದಿದ್ದರೆ ಆಗ ವಿವರಣೆ ಕೇಳಿ. ವರ್ಷಕ್ಕೆ ನೂರಕ್ಕೆ ಇಷ್ಟು ಪುಸ್ತಕ ಓದಿನಿಂದಲೇ ಸವೆದುಹೋಗುತ್ತದೆ ಎಂದು ಒಪ್ಪಿ, ಎಸ್.ಡಿ.ಎಂ.ಸಿ. ಸಭೆಯ ನಡಾವಳಿಯಲ್ಲಿ ದಾಖಲಿಸಿ ಕೈಬಿಡುವ ಸರಳ ಕ್ರಮವಿದ್ದರೆ ಎಷ್ಟೋ ಬೀಗಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಶಾಲೆಯಲ್ಲಿ ಪುಸ್ತಕವೇ ಇಲ್ಲದಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ವಾರಕ್ಕೊಮ್ಮೆ ಸಾಲಾಗಿ ನಡೆಸಿಕೊಂಡು ಹೋಗಿ ಬನ್ನಿ. ನಡೆದು ಹೋಗುವುದೂ ಒಂದು ಪರಿಸರ ಪಾಠವೇ.

ದಿನಕ್ಕೆ ಹತ್ತು ನಿಮಿಷ

‘ಸಮಯ ಎಲ್ಲಿದೆ ಮೇಡಂ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಬ್ಬರೇ ಶಿಕ್ಷಕರಿರುವ ಶಾಲೆ, ಮುಗಿಯದ ದಾಖಲೆಗಳು, ಮುಗಿಸಬೇಕಾದ ಪಾಠ. ಆದರೂ ಒಂದು ಲೆಕ್ಕ ಹಾಕೋಣ. ದಿನಕ್ಕೆ ಹತ್ತು ನಿಮಿಷದಂತೆ ಇನ್ನೂರು ದಿನ ಓದಿದರೆ 2000 ನಿಮಿಷ, ಅಂದರೆ 33 ಗಂಟೆಗೂ ಹೆಚ್ಚು. ಪಾಠ ಬಿಟ್ಟು ಓದಬೇಕಾಗಿಲ್ಲ. ಬಿಸಿಯೂಟದ ನಂತರ ಮಕ್ಕಳ ಕಣ್ಣು ಎಳೆಯುವ ಹತ್ತು ನಿಮಿಷವನ್ನು ಕತೆಗೆ ಕೊಡಿ.

ನನ್ನ ಅನುಭವದಲ್ಲಿ ಕೆಲಸ ಮಾಡಿದ ನಾಲ್ಕು ಸಂಗತಿಗಳಿವೆ. ಮೊದಲು ನೀವು ಮನೆಯಲ್ಲಿ ಒಮ್ಮೆ ಓದಿಕೊಳ್ಳಿ. ಕುತೂಹಲದ ಜಾಗದಲ್ಲಿ ನಿಲ್ಲಿಸಿ, ಪುಸ್ತಕವನ್ನು ಮಕ್ಕಳ ಕೈಗೆ ಎಟಕುವಂತೆ ಮೇಜಿನ ಮೇಲೇ ಬಿಟ್ಟುಹೋಗಿ. ಸಾರಾಂಶ ಬರೆಸಬೇಡಿ, ಅಂಕ ಕೊಡಬೇಡಿ. ನಾನು ಒಮ್ಮೆ ಓದಿದ ಕತೆಯ ಮೇಲೆ ಹತ್ತು ಪ್ರಶ್ನೆಗಳ ಕ್ವಿಜ್ ಇಟ್ಟೆ. ಮರುದಿನದಿಂದ ಆ ಪುಸ್ತಕವನ್ನು ಯಾರೂ ಮುಟ್ಟಲಿಲ್ಲ. ಕೊನೆಯದಾಗಿ, ಇಷ್ಟವಾಗದ ಪುಸ್ತಕವನ್ನು ಅರ್ಧಕ್ಕೇ ಬಿಡುವ ಹಕ್ಕನ್ನು ಮಕ್ಕಳಿಗೆ ಕೊಡಿ. ನಮಗೆ ಆ ಹಕ್ಕು ಇಲ್ಲವೇ?

ಬರೆಸಲೇಬೇಕೆಂದಿದ್ದರೆ ಪುಸ್ತಕದ ಕೊನೆಗೆ ಒಂದು ಹಾಳೆ ಅಂಟಿಸಿ, ಮುಂದಿನವರಿಗೆ ಒಂದು ಸಾಲು ಬರೆಯಲು ಹೇಳಿ. ಐದನೇ ತರಗತಿಯ ಹುಡುಗಿಯೊಬ್ಬಳು ‘ಪರಿಸರದ ಕತೆ’ಯ ಹಾಳೆಯಲ್ಲಿ ಹೀಗೆ ಬರೆದಿದ್ದಳು: ‘ಇದನ್ನು ಓದಿ. ನಾಯಿ ತುಂಬಾ ಚೆನ್ನಾಗಿದೆ. ಪ್ರಶ್ನೆ ಕೇಳುವುದಿಲ್ಲ.’ ಅವಳ ಆ ಒಂದು ಸಾಲು ನನ್ನ ನಲವತ್ತರ ಪಟ್ಟಿಗಿಂತ ಮೇಲು. ಅದನ್ನು ನೋಡಿಯೇ ಆರು ಮಕ್ಕಳು ಪುಸ್ತಕ ಒಯ್ದರು.

ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಸುತ್ತಿ ಓದುಗರನ್ನು ಹುಡುಕಿದರು. 1918ರಲ್ಲೇ ಬೆಳ್ಳಾವೆ ವೆಂಕಟನಾರಾಯಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಕನ್ನಡದಲ್ಲಿ ವಿಜ್ಞಾನ ಓದಲು ಏನೂ ಇಲ್ಲ ಎಂಬ ಮಾತು ನೂರು ವರ್ಷದಿಂದಲೂ ನಿಜವಲ್ಲ. ಬರೆದವರು ತಮ್ಮ ಕೆಲಸ ಮಾಡಿದ್ದಾರೆ. ಬೀರುವಿನಿಂದ ಮಗುವಿನ ಕೈವರೆಗಿನ ನಾಲ್ಕು ಅಡಿ ದೂರವನ್ನು ದಾಟಿಸುವ ಕೆಲಸವಷ್ಟೇ ನಮ್ಮ ಪಾಲಿಗೆ ಉಳಿದಿರುವುದು.

ಆದ್ದರಿಂದ ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಪಟ್ಟಿ ಮಾಡಲು ಕೂರಬೇಡಿ. ಬೀರು ತೆರೆದು ಒಂದೇ ಒಂದು ಪುಸ್ತಕವನ್ನು ನಿಮಗಾಗಿ ತೆಗೆದುಕೊಳ್ಳಿ. ಇಂದು ರಾತ್ರಿ ಓದಿ. ನಗು ಬಂದರೆ, ಬೆರಗಾದರೆ, ನಾಳೆ ಅದನ್ನು ತರಗತಿಗೆ ಒಯ್ಯಿರಿ. ಮುಂದಿನ ಸಮಾಲೋಚನಾ ಸಭೆಯಲ್ಲಿ ಸಿಕ್ಕಾಗ ನೀವು ಓದಿದ್ದು ಯಾವುದೆಂದು ನನಗೂ ಹೇಳಿ. ನಾನಿನ್ನೂ ಓದದ ಇಪ್ಪತ್ತೇಳು ಪುಸ್ತಕಗಳು ಆ ಪಟ್ಟಿಯಲ್ಲಿ ಉಳಿದಿವೆ. ಯಾವುದರಿಂದ ಶುರುಮಾಡಲಿ ಎಂದು ತಿಳಿಸುವವರು ಬೇಕಾಗಿದ್ದಾರೆ.